ತಿಪ್ಪಯ್ಯನಾಗಿದ್ದ ಹದಿನೈದು ವರ್ಷ

ಮೊನ್ನೆ ಬೆಳಿಗ್ಗೆ ಲಾಲ್‌ಬಾಗಿಗೆ ವಾಕಿಂಗ್ ಹೋದಾಗ ಗುಲಾಬಿ ಪಾತಿಗಳ ಪಕ್ಕ ಲಾರಿಯೊಂದು ಕೊಟ್ಟಿಗೆ ಗೊಬ್ಬರ ಇಳಿಸುತ್ತಿತ್ತು. ಜೊತೆಯಲ್ಲಿದ್ದವರು ಮೂಗಿಗೆ ಕರ್ಚೀಫು ಹಿಡಿದು ಬೇಗ ಬೇಗ ದಾಟಿಹೋದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಹಳೇ ಹುಲ್ಲು, ಗಂಜಲ, ಒಳಗಿನಿಂದ ಬೆಚ್ಚಗೆ ಹಬೆಯಾಡುವ ಸಗಣಿ, ಅದರ ಮೇಲೆ ಒಂದಿಷ್ಟು ಒಲೆಯ ಬೂದಿ. ನಾಚಿಕೆಯೇನು ಬಂತು, ಹೇಳಿಯೇಬಿಡುತ್ತೇನೆ, ಅದು ನನ್ನ ಹೆಸರಿನ ವಾಸನೆ. ನೀವೆಲ್ಲ ನನ್ನನ್ನು ವಿನಯ್ ಕುಮಾರ್ ಅಂತ ಬಲ್ಲಿರಿ. ಅದು ಆಮೇಲೆ ಬಂದದ್ದು. ಹುಟ್ಟಿದಾಗಿನಿಂದ ಹದಿನೈದು ವರ್ಷ ನಾನು ತಿಪ್ಪಯ್ಯನಾಗಿದ್ದೆ. ಆ ಲಾರಿ ನೋಡಿದಾಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ನನಗಿಂತ ಮುಂಚೆ ಅಮ್ಮನಿಗೆ ಎರಡು ಗಂಡುಮಕ್ಕಳು ಹುಟ್ಟಿ, ಎರಡೂ ವರ್ಷ ತುಂಬುವುದರೊಳಗೆ ಹೋಗಿದ್ದವು. ಚೆಂದದ ಹೆಸರುಗಳನ್ನೇ ಇಟ್ಟಿದ್ದರಂತೆ, ರಾಜಶೇಖರ, ಚಂದ್ರಶೇಖರ ಅಂತ. ಮೂರನೆಯವನು ನಾನು ಹುಟ್ಟಿದಾಗ ಅಪ್ಪನ ತಾಯಿ, ನನ್ನ ಅಜ್ಜಿ, ತನ್ನ ಹಳ್ಳಿಯ ಶಾಸ್ತ್ರವನ್ನು ಲಾಲ್‌ಬಾಗಿನ ಪಕ್ಕ ನಾವಿದ್ದ ಮಾವಳ್ಳಿಗೂ ತಂದಳು. ಮಕ್ಕಳು ಉಳಿಯದ ಮನೆಯವರು ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬರಬೇಕು. ಬೇರೆ ಮನೆಯ ಹೆಂಗಸೊಬ್ಬಳು ಅದನ್ನು ಎತ್ತಿಕೊಂಡು ನನ್ನದು ಅನ್ನಬೇಕು. ಹೆತ್ತವರು ಅವಳಿಗೆ ಒಂದು ಮೊರ ತೌಡು ಕೊಟ್ಟು ಕೂಸನ್ನು ಕೊಂಡು ತರಬೇಕು. ತಿಪ್ಪೆಯಲ್ಲಿ ಸಿಕ್ಕಿದ್ದು, ತೌಡಿಗೆ ಬಂದದ್ದು, ಇಂಥ ಕಸವನ್ನು ಯಮ ಯಾಕೆ ಮುಟ್ಟುತ್ತಾನೆ? ಹೆಸರೂ ಅದಕ್ಕೆ ತಕ್ಕ ಹಾಗೆ ತಿಪ್ಪಯ್ಯ. ಆಗ ಹಳ್ಳಿಗಳ ಕಡೆ ಕೇರಿಗೊಬ್ಬ ತಿಪ್ಪಯ್ಯನೋ ಗುಂಡಯ್ಯನೋ ತಿರುಕಪ್ಪನೋ ಇದ್ದೇ ಇರುತ್ತಿದ್ದ. ಆ ಒಂದೊಂದು ಹೆಸರಿನ ಹಿಂದೆಯೂ ಒಬ್ಬ ತಾಯಿಯ ಹೆದರಿಕೆ ಇರುತ್ತಿತ್ತು.

ನಮ್ಮ ಮನೆಯ ಹಿಂದೆ ನಂಜಮ್ಮನ ಕೊಟ್ಟಿಗೆ. ಗಂಡ ಸತ್ತು, ಮಕ್ಕಳೂ ಇಲ್ಲದೆ, ಆರು ಹಸು ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕುತ್ತಿದ್ದವಳು. ಅವಳ ತಿಪ್ಪೆಯ ಮೇಲೆಯೇ ನನ್ನನ್ನು ಇಟ್ಟರು, ಅವಳೇ ಎತ್ತಿಕೊಂಡಳು. ಅಲ್ಲಿ ಅಜ್ಜಿ ಒಂದು ಅತಿಬುದ್ಧಿ ಮಾಡಿದಳು. ತೌಡು ಕೊಡಲೇ ಇಲ್ಲ. ಐದು ವರ್ಷ ದಾಟಲಿ, ಅಲ್ಲಿಯವರೆಗೆ ಇದು ನಂಜಮ್ಮನ ಮಗುವೇ ಆಗಿರಲಿ, ಯಮ ಹುಡುಕಿಕೊಂಡು ಬಂದರೆ ನಮ್ಮನೆಯಲ್ಲಿ ಮಗುವೇ ಇಲ್ಲ ಅನ್ನೋಣ ಅಂತ. ನನಗೆ ನಾಲ್ಕು ತುಂಬುವುದರೊಳಗೆ ಅಜ್ಜಿಯೇ ಹೋದಳು. ತೌಡಿನ ಮಾತು ಎಲ್ಲರಿಗೂ ಮರೆತುಹೋಯಿತು, ನಂಜಮ್ಮನೊಬ್ಬಳನ್ನು ಬಿಟ್ಟು.

ಬೆಳಿಗ್ಗೆ ನಾನು ಚೊಂಬು ಹಿಡಿದು ಹೋದರೆ, ಹಾಲು ಅಳೆದ ಮೇಲೆ ಕೊಸರು ಹಾಕುತ್ತ, ಇದು ನನ್ ಮಗನಿಗೆ ಅನ್ನುತ್ತಿದ್ದಳು. ಹಸು ಈದರೆ ಗಿಣ್ಣಿನ ಮೊದಲ ಬಟ್ಟಲು ನನಗೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಆ ಗಿಣ್ಣು ಬಟ್ಟಲಲ್ಲಿ ಅಲುಗುತ್ತಿತ್ತು, ಬಾಯಿಗಿಟ್ಟರೆ ಕರಗುತ್ತಿತ್ತು. ಜ್ವರ ಬಂದರೆ ಅಮ್ಮನಿಗಿಂತ ಮುಂಚೆ ಅವಳ ಕೈ ನನ್ನ ಹಣೆಯ ಮೇಲಿರುತ್ತಿತ್ತು. ಹಿತ್ತಲ ಗೋಡೆಯ ಆಚೆಯಿಂದ ಅವಳು "ತಿಪ್ಪಾ" ಅಂತ ರಾಗವಾಗಿ ಕೂಗಿದರೆ ಆ ಹೆಸರಿನಲ್ಲಿ ಕೊಳಕು ಅನ್ನುವುದೇ ಇರಲಿಲ್ಲ.

ಕೊಳಕು ಗೊತ್ತಾಗಿದ್ದು ಬಸವನಗುಡಿಯ ಹೈಸ್ಕೂಲಿಗೆ ಸೇರಿದ ಮೇಲೆ. ಎಪ್ಪತ್ತರ ದಶಕ ಅದು. ಹಾಜರಿ ಪುಸ್ತಕದಲ್ಲಿ ಸುರೇಶ ನಾಲ್ಕು ಜನ, ರಮೇಶ ಮೂರು ಜನ, ಮಂಜುನಾಥ ಐದು ಜನ. ಇನಿಷಿಯಲ್ಲು ಸೇರಿಸದೆ ಅವರನ್ನು ಕರೆಯುವ ಹಾಗೇ ಇರಲಿಲ್ಲ. ತಿಪ್ಪಯ್ಯ ನಾನೊಬ್ಬನೇ. ಮೇಷ್ಟ್ರು ಹೆಸರು ಕರೆದ ತಕ್ಷಣ ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಕಾರ್ಪೊರೇಷನ್ ಲಾರಿ ಬಂತು ಮಗಾ, ದಾರಿ ಬಿಡು ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಎಸ್ಸೆಸ್ಸೆಲ್ಸಿಗೆ ಹೆಸರು ಕಳಿಸುವ ಮುಂಚೆ ಹೆಡ್‌ಮೇಷ್ಟ್ರು, ಹೆಸರು ತಿದ್ದಿಸುವವರು ತಂದೆಯ ಕೈಲಿ ಬರೆಸಿಕೊಂಡು ಬನ್ನಿ, ಮಾರ್ಕ್ಸ್ ಕಾರ್ಡಿನಲ್ಲಿ ಅಚ್ಚಾದರೆ ಸಾಯೋವರೆಗೂ ಅದೇ ಅಂದರು. ಆ ವಾರ ನನಗೆ ಊಟ ಸೇರಲಿಲ್ಲ. ರಫ್ ಪುಸ್ತಕದ ತುಂಬ ವಿನಯ್ ಕುಮಾರ್, ವಿನಯ್ ಕುಮಾರ್ ಅಂತ ಬರೆದೆ. ವಿನಯ್, ಕಿರಣ್, ಸಂಜಯ್ ಎಲ್ಲ ಆಗ ಹೊಸ ಹೆಸರುಗಳು, ಗಾಂಧಿ ಬಜಾರಿನ ಕಡೆ ಡಾಕ್ಟರ ಮಕ್ಕಳಿಗೆ, ಇಂಜಿನಿಯರ ಮಕ್ಕಳಿಗೆ ಇಡುವಂಥವು. ವಿನಯ ಅಂದ್ರೇನೋ ಅಂತ ಅಮ್ಮ ಕೇಳಿದಳು. ದೊಡ್ಡವರ ಮುಂದೆ ತಗ್ಗಿ ಬಗ್ಗಿ ನಡೆಯೋದು ಅಂತ ನಾನು ಅವಳ ಮೇಲೆ ರೇಗುತ್ತಲೇ ಹೇಳಿದೆ.

ಅವೆನ್ಯೂ ರಸ್ತೆಯ ಪೇಪರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಪ್ಪ ಎರಡನೇ ಮಾತಿಲ್ಲದೆ ಕಾಗದ ಬರೆದುಕೊಟ್ಟ. ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಹೆಸರೇ ನನಗೆ ಕಾವಲು ಅಂತ ಅವಳು ನಂಬಿದ್ದಳು. ಮರೆತೇಹೋಗಿದ್ದ ತೌಡಿನ ಮಾತು ಅವಳಿಗೆ ಆಗ ನೆನಪಾಯಿತು. ಅದನ್ನು ಕೊಟ್ಟು ನನ್ನನ್ನು ಬಿಡಿಸಿಕೊಳ್ಳದೆ ಹೆಸರು ಬದಲಾಯಿಸಿದರೆ ಏನಾಗುತ್ತದೋ ಅನ್ನುವ ಭಯ. ಮರುದಿನ ಬೆಳಿಗ್ಗೆ ಮೊರದ ತುಂಬ ತೌಡು ಹಿಡಿದು ನನ್ನನ್ನೂ ಎಳೆದುಕೊಂಡು ಕೊಟ್ಟಿಗೆಗೆ ಹೋದಳು. ಕಾಗದ ನನ್ನ ಜೇಬಿನಲ್ಲಿ. ಸ್ಕೂಲಿಗೆ ಹೊತ್ತಾಗುತ್ತಿತ್ತು. ಈ ಹೆಂಗಸರ ಶಾಸ್ತ್ರ ಬೇಗ ಮುಗಿಯಬಾರದೇ ಅಂತ ಹಲ್ಲು ಕಡಿಯುತ್ತ, ಕಾಲು ಬದಲಾಯಿಸುತ್ತ ನಿಂತಿದ್ದೆ. ಅಮ್ಮ ತಡವರಿಸುತ್ತ ವಿಷಯ ಹೇಳಿದಳು. ಹಾಲು ಕರೆಯುತ್ತಿದ್ದ ನಂಜಮ್ಮ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಮೊರವನ್ನು ನೋಡಿದಳು, ನನ್ನನ್ನು ನೋಡಿದಳು.

"ನಾನು ಹಂಗೆ ಕೂಗಿದ್ರೆ ನಿಂಗೆ ಅಷ್ಟು ನಾಚ್ಕೆ ಆಗತ್ತೇನೋ?" ಅಂದಳು.

"ಹೂಂ," ಅಂದೆ. "ಇನ್ಮೇಲೆ ಕೂಗ್ಬೇಡ."

ಅವಳು ಮೊರ ಈಸಿಕೊಂಡು, ತೌಡನ್ನು ಹಸುಗಳ ಬಾನಿಗೆ ಸುರಿದು, ಖಾಲಿ ಮೊರವನ್ನು ಅಮ್ಮನ ಕೈಗೆ ಕೊಟ್ಟಳು. ಇನ್ನು ನಿಮ್ಮ ಮಗ ಅಂದಳು. ನನ್ನ ತಲೆ ಸವರಲು ಬಂದ ಕೈಯನ್ನು ಏನನ್ನಿಸಿತೋ ಹಿಂದಕ್ಕೆ ತೆಗೆದುಕೊಂಡಳು. ನಾನು ಸ್ಕೂಲಿಗೆ ಓಡಿದೆ.

ಅಂದಿನಿಂದ ಗೋಡೆಯ ಆಚೆಯಿಂದ ಕೂಗು ಬರಲಿಲ್ಲ. ಹೊಸ ಹೆಸರು ಅವಳ ನಾಲಿಗೆಗೆ ಹತ್ತಲೂ ಇಲ್ಲ. ಹಾಲು ಹಾಕುತ್ತಿದ್ದಳು, ಕೊಸರೂ ಹಾಕುತ್ತಿದ್ದಳು, ಇದು ನನ್ ಮಗನಿಗೆ ಅನ್ನುವುದನ್ನು ಮಾತ್ರ ಬಿಟ್ಟಳು. ಅದು ನನ್ನ ಗಮನಕ್ಕೇ ಬರಲಿಲ್ಲ, ಎಂಥಾ ಕತ್ತೆ ನಾನು. ಆಮೇಲಾಮೇಲೆ ಬೀದಿಗೊಬ್ಬ ವಿನಯ್ ಹುಟ್ಟಿಕೊಂಡ. ಈಗ ಅದೂ ಹಳತಾಯಿತು, ಅದು ಅಂಕಲ್‌ಗಳ ಹೆಸರು ಅಂತ ನನ್ನ ಮಗಳೇ ನಗುತ್ತಾಳೆ. ತಿಪ್ಪಯ್ಯನಂತೂ ಈ ಊರಲ್ಲಿ ಹುಡುಕಿದರೂ ಸಿಗುವುದಿಲ್ಲ. ಹೆತ್ತ ಮಕ್ಕಳು ಉಳಿಯುತ್ತಾರೆ ಅಂತ ತಾಯಂದಿರಿಗೆ ಧೈರ್ಯ ಬಂದ ಮೇಲೆ ಆ ಹೆಸರಿಗೆ ಕೆಲಸ ಇಲ್ಲವಾಯಿತು. ಒಳ್ಳೆಯದೇ ಆಯಿತು ಅನ್ನಿ. ಎಂಬತ್ತರ ದಶಕದ ಮೊದಲಲ್ಲಿ ನಂಜಮ್ಮ ಹಸುಗಳನ್ನೂ ಕೊಟ್ಟಿಗೆಯನ್ನೂ ಮಾರಿ ಕನಕಪುರದ ಕಡೆ ತಮ್ಮನ ಮನೆಗೆ ಹೋದಳು. ಒಂದ್ಸಲ ನೋಡ್ಕೊಂಡು ಬಾರೋ ಅಂತ ಅಮ್ಮ ಪ್ರಾಣ ತಿನ್ನುತ್ತಿದ್ದಳು. ನನಗೆ ಪುರುಸೊತ್ತೆಲ್ಲಿತ್ತು?

ಕೊನೆಗೆ ಹೋದದ್ದು ಮದುವೆಯಾದ ಹೊಸತರಲ್ಲಿ, ಹೆಂಡತಿಯ ಜೊತೆ. ಅವಳು ಮಲ್ಲೇಶ್ವರದವಳು. ನನ್ನ ಹಳೇ ಹೆಸರನ್ನು ಅವಳಿಗೆ ಹೇಳಿರಲಿಲ್ಲ. ನಂಜಮ್ಮ ಜಗುಲಿಯ ಮೇಲೆ ಕೂತಿದ್ದಳು, ಎರಡೂ ಕಣ್ಣು ಹೋಗಿದ್ದವು. ಕಾಲು ಮುಟ್ಟಿ, ವಿನಯ್ ಬಂದಿದೀನಿ ಅಂದೆ. ಯಾವ ವಿನಯಪ್ಪ ಅಂದಳು. ಇನ್ನೊಂದು ಹೆಸರು ಬಾಯಿಯವರೆಗೆ ಬಂತು. ಪಕ್ಕದಲ್ಲಿ ಹೆಂಡತಿ, ಬಾಗಿಲಲ್ಲಿ ಆ ಮನೆಯ ಸೊಸೆಯರು. ಆ ವಯಸ್ಸಿನಲ್ಲೂ ನಾಚಿಕೆ ಕಣ್ರೀ. ಮಾವಳ್ಳಿಯವನು, ಹಾಲಿಗೆ ಬರ್ತಿದ್ದೆ ಅಂದೆ. ಮಾವಳ್ಳಿ ಅಂದದ್ದೇ ತಡ, ಅವಳ ಮುಖ ಅರಳಿತು. ತಡವಿ ತಡವಿ ನನ್ನ ಕೈ ಹಿಡಿದುಕೊಂಡಳು.

"ಮಾವಳ್ಳಿಯೋರಾ? ಅಲ್ಲಿ ನನ್ ಮಗ ಇದಾನೆ, ತಿಪ್ಪ ಅಂತ. ಸಿಕ್ಕಿದ್ರೆ ಒಂದ್ಸಲ ಬಂದು ಹೋಗಕ್ಕೆ ಹೇಳಿ."

ಹೇಳ್ತೀನಮ್ಮ ಅಂದೆ. ಬಸ್ಸಿಗೆ ಹೊತ್ತಾಯಿತು ಅಂತ ಕೈ ಬಿಡಿಸಿಕೊಂಡೆ. ಯುಗಾದಿಗೆ ಒಬ್ಬನೇ ಬಂದು, ನಾನೇ ಕಣೇ ತಿಪ್ಪ ಅನ್ನಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡೆ. ಯುಗಾದಿಗೆ ಇನ್ನೂ ಎರಡು ವಾರ ಇರುವಾಗಲೇ ಅವಳು ಹೋದಳು. ಆ ಮಾವಳ್ಳಿಯವರು ತಿಪ್ಪನಿಗೆ ಹೇಳಿದರೋ ಇಲ್ಲವೋ ಅಂತ ಕೊನೆಯವರೆಗೂ ಕೇಳುತ್ತಿದ್ದಳಂತೆ.