ಉಡ ಕೈ ಸಡಿಲಿಸಿದ್ದು

ಅರ್ಧ ಆಯಸ್ಸನ್ನು ಲೋಹವನ್ನು ತಿರುಗಿಸಿ ಕೊರೆಯುವ ಲೇತ್ ಮೆಷಿನ್ನಿನ ಮುಂದೆ ಕಳೆದ ಅವನಿಗೆ ಶೆಡ್ಡಿನವರು ಇಟ್ಟ ಹೆಸರು ಉಡ. ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿನ ಮೂರು ದವಡೆಗಳ ನಡುವೆ ಅವನು ಬಿಗಿದ ಉಕ್ಕು ಅಲುಗಿದ್ದನ್ನು ಕಂಡವರಿಲ್ಲ. ಹಾಗೆ ಕರೆಸಿಕೊಳ್ಳುವುದೆಂದರೆ ಅವನಿಗೂ ಒಳಗೊಳಗೇ ಖುಷಿ.

ಅವನ ಹೆಂಡತಿಯದು ಒಂದು ಕೃತಕ ಕಾಲು. ಅದರ ಮಂಡಿಯ ಕೀಲಿನೊಳಗಿನ ನೈಲಾನ್ ಬುಶ್, ಉಂಗುರದಷ್ಟು ಚಿಕ್ಕ ಕೊಳವೆ, ಸವೆದುಹೋಗಿ ಅವಳು ಮೆಟ್ಟಿಲ ಮೇಲೆ ಬಿದ್ದಿದ್ದಳು. ಅಂದಿನಿಂದ ಮಹಡಿಯ ಮೇಲಿನ ಅವಳ ಹೊಲಿಗೆ ಅಂಗಡಿಗೆ ಬೀಗ. ಅಂಥ ಬುಶ್ ಈಗ ಎಲ್ಲಿಯೂ ಸಿಗುವುದಿಲ್ಲವಂತೆ.

"ನಾನೇ ಮಾಡ್ತೀನಿ ಬಿಡೇ. ಉಕ್ಕು ಕೊರೆಯೋನಿಗೆ ಪ್ಲಾಸ್ಟಿಕ್ ಯಾವ ಲೆಕ್ಕ!"

ಪ್ಲಾಸ್ಟಿಕ್ ಅವನಿಗೆ ನೀರು ಕುಡಿಸಿತು. ಕೊರೆಯುವ ಟೂಲನ್ನು ಉಕ್ಕಿಗೆ ಕಚ್ಚಿಸುವಷ್ಟು ಆಳ ಕಚ್ಚಿಸಿದರೆ ಅದು ಬಾಗಿ ದೂರ ಸರಿಯಿತು. ವೇಗ ಹೆಚ್ಚಿಸಿದರೆ ಕರಗಿ ಅಂಟಿಕೊಂಡಿತು. ಸರಿ ಎಂದು ಟೂಲನ್ನು ಮೆಲ್ಲಗೆ ಸರಿಸಿದ, ಉಜ್ಜಿ ಉಜ್ಜಿ ಮತ್ತಷ್ಟು ಕಾಯಿತು. ನಿಧಾನವೂ ಸುಡುತ್ತದೆಂದು ಯಾರಿಗೆ ಗೊತ್ತಿತ್ತು? ಕೊನೆಗೆ ಟೂಲನ್ನು ಕ್ಷೌರದ ಕತ್ತಿಯಂತೆ ಮಸೆದು, ತೆಳುವಾಗಿ, ತಡವರಿಸದೆ ನಡೆಸಿದ. ಬಿಳಿ ಸಿಪ್ಪೆ ಒಂದೇ ಎಳೆಯಾಗಿ ಸುರುಳಿ ಸುತ್ತುತ್ತಾ ಬಂತು. ಉಕ್ಕಿನ ಕಿರುಚಾಟಕ್ಕೆ ಒಗ್ಗಿದ್ದ ಕಿವಿಗೆ ಈ ಮೌನ ಹೊಸದು. ಅವನು ಬಾಯಿ ಬಿಟ್ಟುಕೊಂಡು ನೋಡಿದ.

ಆದರೆ ಚಕ್ಕಿನಲ್ಲಿ ದುಂಡಗಿದ್ದ ಬುಶ್ಶಿನ ತೂತು ದವಡೆ ಬಿಚ್ಚಿದೊಡನೆ ಮೂರು ಮೂಲೆಯಾಯಿತು. ಕಾಲಿಗೆ ಹಾಕಿ ನೋಡಿದರೆ ಮಂಡಿ ಟಕ್ ಟಕ್ ಎಂದಿತು. ಸಿಟ್ಟಿಗೆ ಮತ್ತೊಂದನ್ನು ಇನ್ನೂ ಬಿಗಿದು ಮಾಡಿದ. ಅದು ಇನ್ನೂ ಸೊಟ್ಟ.

ಹೆಂಡತಿ ಅದನ್ನು ಬೆರಳಲ್ಲಿ ಹೊರಳಿಸಿ ನಕ್ಕಳು. "ರೀ, ಬಟ್ಟೇನ ಎಳೆದು ಹಿಡಿದು ಹೊಲಿದ್ರೆ, ಕೈ ಬಿಟ್ಟಮೇಲೆ ಸುಕ್ಕು ಬೀಳುತ್ತೆ. ನೀವು ಇದರ ಕತ್ತು ಹಿಸುಕಿದ್ದೀರ."

ಅವನು ಬುಶ್ಶನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ಹಿಡಿದಿರುವಷ್ಟು ಹೊತ್ತು ಹೇಳಿದಂತೆ ಕೇಳಿ, ಬಿಟ್ಟ ಕ್ಷಣ ತನ್ನ ದಾರಿ ಹಿಡಿಯುವ ವಸ್ತು! ಎಂಥ ಸೋಜಿಗ! ಮರುದಿನ ಮೂರು ದವಡೆ ನೇರ ಕಚ್ಚದಂತೆ, ಸುತ್ತಲೂ ಸಮನಾಗಿ ತಬ್ಬುವ ಬಳೆಯೊಳಗೆ ಹೊಸ ತುಂಡನ್ನು ಕೂರಿಸಿ, ಜಾರದಷ್ಟೇ ಬಿಗಿದು ಕೊರೆದ. ಬಿಸಿ ಪೂರ್ತಿ ಆರಿದ ಮೇಲೆ ಅಳೆದ. ದುಂಡಗೇ ಇತ್ತು.

ಅದನ್ನು ಮಂಡಿಗೆ ಕೂರಿಸಿದ ಮೇಲೆ, ಮೆಟ್ಟಿಲ ಬುಡದಲ್ಲಿ ಅವನು ಅವಳ ರಟ್ಟೆ ಹಿಡಿದ. ಒಂದೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳು ಅವನತ್ತ ವಾಲಿದಳು.

"ನೋಡಿದ್ಯಾ, ಸರಿಯಾಗಿಲ್ಲ!"

"ಮಂಡಿ ಸರಿಯಾಗೇ ಇದೆ. ನೀವು ಎಳೀತಿರೋದಕ್ಕೆ ವಾಲ್ತಿದ್ದೀನಿ."

ಅವನು ಅವಳ ಕಾಲನ್ನೇ ನೋಡಿದ. ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದ. ಅವಳು ನೆಟ್ಟಗೆ ಹತ್ತಿ ಹೋದಳು, ಮಂಡಿ ಒಮ್ಮೆಯೂ ಟಕ್ ಎನ್ನಲಿಲ್ಲ. ಅವನು ಕೈ ಚಾಚಿಕೊಂಡೇ ನಿಂತಿದ್ದ. ಮೇಲೆ ಬೀಗ ತೆರೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಹೊಲಿಗೆ ಮೆಷಿನ್ ಓಡತೊಡಗಿತು.