ಗಿರ್ಮಿಟ್‌ಗೂ ಮೊದಲು ಉತ್ತರ

ಬಾಗಲಕೋಟೆಯ ನಾಟಕ ಕಂಪನಿಯ ಥಿಯೇಟರ್ ಹೊರಗೆ, ಭಾನುವಾರ ಮಧ್ಯಾಹ್ನದ ಆಟದ ಮಧ್ಯಂತರದಲ್ಲಿ, ಶಾಹೀನ್ ನನ್ನ ಗಿರ್ಮಿಟ್ ಪ್ಲೇಟನ್ನು ಕೊಡದೆ ಹಿಡಿದುಕೊಂಡು ನಿಂತಿದ್ದಳು.

"ಬಾದಾಮಿ ಕೋಟಿ ಕಟ್ಟಿಸಿದಾಂವ ಯಾರು? ಲಗೂ ಹೇಳು, ಇಲ್ಲಾಂದ್ರ ಇದೂ ನಂದ."

ಇಳಕಲ್ಲಿನ ಶಾಹೀನ್ ಇತಿಹಾಸ ಎಂ.ಎ.ಯಲ್ಲಿ ನನ್ನ ಸಹಪಾಠಿ, ಹಾಸ್ಟೆಲಿನಲ್ಲಿ ಒಂದೇ ಕೋಣೆ. ನಾಟಕವೂ ತಪ್ಪಬಾರದು, ಓದೂ ನಿಲ್ಲಬಾರದು ಎಂದು, ಉತ್ತರ ಹೇಳಿದರೆ ಮಾತ್ರ ಗಿರ್ಮಿಟ್ ಎಂಬ ಈ ನಿಯಮ ಮಾಡಿದವಳು ಅವಳೇ. ಮರುದಿನ ಊರಿಗೆ ಹೊರಟವಳು ಹುನಗುಂದದ ಹತ್ತಿರ ಅಪಘಾತದಲ್ಲಿ ತೀರಿಕೊಂಡಳು.

ನಾನು ನಾಟಕ, ಓದು ಎರಡನ್ನೂ ಬಿಟ್ಟೆ. ಪರೀಕ್ಷೆ ಹತ್ತಿರವಾದಾಗ ಪುಸ್ತಕ ತೆರೆಯಲಾಗದೆ ಒಬ್ಬಳೇ ಆಟಕ್ಕೆ ಹೋದೆ. ಗಿರ್ಮಿಟ್ ಮಾರುವ ಅಕ್ಕ ಪ್ಲೇಟು ಹಿಂದಕ್ಕೆಳೆದು ನಕ್ಕಳು.

"ನಿನ್ನ ಟೀಚರ್ ಎಲ್ಲೇವಾ? ಉತ್ತರ ಹೇಳಿಸದ ಹೆಂಗ ಕೊಡ್ಲಿ?"

"ಆಕಿ ತೀರಿಕೊಂಡ್ಳ್ರೀ ಅಕ್ಕಾ."

ಅವಳ ನಗು ನಿಂತಿತು. ಪ್ಲೇಟನ್ನು ಮಾತ್ರ ಕೊಡಲಿಲ್ಲ.

"ನನಗ ಪ್ರಶ್ನಿ ಕೇಳಾಕ ಬರಂಗಿಲ್ಲವ್ವಾ. ನೀನ ಕೇಳ್ಕೋ, ನೀನ ಹೇಳು. ನಾ ಹಿಡ್ಕೊಂಡ ನಿಂದರ್ತೇನಿ."

ನಿಂತಲ್ಲೇ ಹೇಳತೊಡಗಿದೆ. ಗಿರಾಕಿಗಳು ಕಾದರು.

ಆ ಪರೀಕ್ಷೆ ಪಾಸಾದೆ. ಭಾನುವಾರದ ಆಟಕ್ಕೆ ಈಗಲೂ ಹೋಗುತ್ತೇನೆ. ಹಾಸ್ಟೆಲಿಗೆ ನಡೆದು ಬರುವಾಗ, ನಾಟಕ ಚೆನ್ನಾಗಿತ್ತೋ ಇಲ್ಲವೋ ಎಂದು ಜಗಳವಾಡುವವರು ಯಾರೂ ಇಲ್ಲ.