ಯಂಕಮ್ಮ ಕೊಡದ ಮಾತು

ಶಹಾಬಾದದ ಖಣಿಯಲ್ಲಿ ಫರಸಿ ಕಲ್ಲು ಸೀಳುತ್ತಿದ್ದ ಜಟ್ಟೆಪ್ಪ ಊರ ಸಣ್ಣಾಟದ ಮೇಳದಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದ. ಅದು ನಿಜಾಮನ ಕಾಲ; ರಜಾಕಾರರ ಗದ್ದಲಕ್ಕೆ ಇನ್ನೂ ಹತ್ತು ವರ್ಷವಿತ್ತು. ಹಾಡುಗಳನ್ನು ಮೇಳದ ಮಾಸ್ತರ ಕಲಿಸುತ್ತಿದ್ದ. ಹಾಡುಗಳ ನಡುವಿನ ಮಾತನ್ನು ಪಾತ್ರಧಾರಿಯೇ ಹುಟ್ಟಿಸಿಕೊಳ್ಳಬೇಕು. ಬೇರೊಬ್ಬಳ ಮನೆಗೆ ಹೊರಟ ಗೌಡನನ್ನು ಹೆಂಡತಿ ತಡೆಯುವ ದೃಶ್ಯದಲ್ಲಿ ಜಟ್ಟೆಪ್ಪ ಜನರನ್ನು ಅಳಿಸುತ್ತಿದ್ದ.

ಅವನ ಹೆಂಡತಿ ಯಂಕಮ್ಮ ಆಟ ನೋಡಿದವಳಲ್ಲ, ಗಂಡನ ಅಪ್ಪಣೆಯಿರಲಿಲ್ಲ. ಅವನಿಗೆ ಸೀರೆ ಉಡಿಸಿ ಕಳಿಸುವುದಷ್ಟೇ ಅವಳ ಕೆಲಸ. ಒಂದು ದಿನ ಬಾವಿಯ ಬಳಿ ನೆರೆಯ ಮರೆಮ್ಮ ಕೇಳಿದಳು:

“ಏನವಾ ಯಂಕಿ, ‘ಈ ಕಡಿ ತಿರುಗ್ರಿ, ನಾ ಏನ್ ಗ್ವಾಡಿ ಏನ್ರಿ?’ ಅಂತ ನಿನ್ ಗಂಡ ಭಾಳ ಚಂದ ಅಂದ! ಯಾರ್ ಕಲಿಸ್ಯಾರ?”

ಹೆಂಗಸರೆಲ್ಲ ನಕ್ಕರು. ಬೆನ್ನು ತಿರುಗಿಸಿ ಮಲಗಿದ ಗಂಡನಿಗೆ, ತಾನೇನು ಗೋಡೆಯೇ ಎಂದು ಯಂಕಮ್ಮ ಹಾಸಿಗೆಯಲ್ಲಿ ಹೇಳಿದ್ದ ಮಾತು ಅದು.

ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು. ಅವನು ಬೈದ, ಊಟದ ಗಂಗಾಳ ಎಸೆದ. ಅವಳು ಅದನ್ನು ಎತ್ತಿ ತೊಳೆದಿಟ್ಟಳು. ಮುಂದಿನ ಆಟದ ಸಂಜೆ ಮಾತ್ರ ನೆರಿಗೆ ಹಿಡಿಯುತ್ತ ಹೇಳಿದಳು:

“ಸೀರಿ ಉಡಸ್ತೀನಿ. ಮಾತು ನಿಮ್ಮವು ನೀವೇ ತರ್ರಿ.”

ಆಮೇಲೆ ಅಪ್ಪಣೆ ಕೇಳದೆ ಅವನ ಹಿಂದೆಯೇ ಹೋಗಿ ಹೆಂಗಸರ ಮುಂದಿನ ಸಾಲಿನಲ್ಲಿ ಕುಳಿತಳು.

ದೃಶ್ಯ ಬಂತು. ಗೌಡನ ವೇಷದ ಸಾಯಬಣ್ಣ, “ಏನರೆ ಅನ್ನಾದಿದ್ರ ಅನ್ನು!” ಎಂದ. ಜಟ್ಟೆಪ್ಪ ಯಂಕಮ್ಮನನ್ನು ನೋಡಿದ. ಬಾಯಿಗೆ ಬಂದ ಅವಳ ಮಾತು ಅಲ್ಲೇ ನಿಂತಿತು. ತನ್ನದೆಂದು ಹುಡುಕಿದರೆ ಸಿಕ್ಕಿದ್ದು ಇಷ್ಟೇ:

“ಬಾಯಿ ಮುಚ್ಚು. ಕುಂದ್ರು. ಕಾಲು ಒತ್ತು.”

ಸಾಯಬಣ್ಣ ಬೆಪ್ಪಾದ. ಬೇರೆ ದಾರಿ ಕಾಣದೆ, ಮೀಸೆ ಹೊತ್ತ ಗೌಡ ಕುಳಿತು ಹೆಂಡತಿಯ ಕಾಲು ಒತ್ತತೊಡಗಿದ. ಜನ ಬಿದ್ದು ಬಿದ್ದು ನಕ್ಕರು. ಯಂಕಮ್ಮನೂ ನಕ್ಕಳು.

“ಭಾಳ ನಕ್ಕಿ,” ಎಂದ ಜಟ್ಟೆಪ್ಪ, ಮನೆಯ ದಾರಿಯಲ್ಲಿ.

“ಮನ್ಯಾಗ ಕೇಳಿದ್ರ ಅದಕ್ಕ ನಗಿ ಬರಂಗಿಲ್ರಿ.”

ಅವನು ಏಕಾಏಕಿ ಒಳ್ಳೆಯವನಾಗಲಿಲ್ಲ. ಸಿಟ್ಟು ಸಾಯುವವರೆಗೂ ಇತ್ತು. ಆದರೆ ಮರು ಆಟಕ್ಕೆ ಸೀರೆ ಉಡಿಸಿಕೊಳ್ಳುವಾಗ ಕೇಳಿದ:

“ಗೌಡ ಹೊಂಟಾಗ ಆಕಿ ಏನ್ ಅನ್ಬೇಕ?”

“ಹೋಗ್ಲಿ ಬಿಡ್ರಿ. ಕರದು ಕರದು ಆಕಿಗೂ ಸಾಕಾಗಿರ್ತದ.”

ಆ ಮಾತನ್ನು ಜಟ್ಟೆಪ್ಪ ರಂಗದ ಮೇಲೆ ಆಡಲಿಲ್ಲ. ಮಾಸ್ತರನಿಂದ ಇನ್ನೊಂದು ಹಾಡು ಕೇಳಿ ಪಡೆದು ಆ ಜಾಗ ತುಂಬಿಸಿದ. ಮನೆಗೆ ಬಂದು ಮಲಗಿದಾಗ, ಅವಳು ಕರೆಯುವ ಮೊದಲೇ ಈ ಕಡೆ ತಿರುಗಿದ.